ಕಂಬ ಆಡಿದ ಮಾತು

ಕಟ್ಟಡದ ಕಂಬಗಳು ಮಾತಾಡತೊಡಗಿದ ಮೇಲೆ ತಪಾಸಣೆಯ ಎಂಜಿನಿಯರ್ ಚಂಪಾವತಿಯ ಕೆಲಸ ಹಗುರವಾಗಿತ್ತು. ಅಂಗೈ ಇಟ್ಟರೆ ಸಾಕು, ಪಾಸು ಮಾಡಿದವರ ದನಿಯಲ್ಲೇ ಕಂಬ ತನ್ನ ಗುಣಮಟ್ಟ ಹೇಳುತ್ತಿತ್ತು. ಹೊಸ ಶಾಲೆಯಲ್ಲಿ ಬಿರುಕು ಬಿಟ್ಟಿದ್ದ ಕಂಬವೊಂದನ್ನು ಅವಳು ಮುಟ್ಟಿದಳು.

“ನಾ ಗಟ್ಟಿ ಅದೀನಿ,” ಎಂದಿತು ಅದು, ಅವಳದೇ ದನಿಯಲ್ಲಿ.

ಆ ಕಂಬವನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಜ್ವರದಲ್ಲಿ ಮಲಗಿದ್ದಾಗ ಕಂಬಗಳಿಗೆ ತನ್ನ ದನಿ ತುಂಬುವ ಪಾಸ್‌ವರ್ಡನ್ನು ನಂಬಿ ಕೊಟ್ಟಿದ್ದು ಒಬ್ಬನಿಗೇ, ಈ ಶಾಲೆಯ ಗುತ್ತಿಗೆದಾರನಾಗಿದ್ದ ಅಣ್ಣ ಶಿವಯೋಗಿಗೆ. ಅವನಿಗೆ ಫೋನ್ ಮಾಡಿದಳು.

“ಅಣ್ಣಾ, ನನ್ನ ದನೀಲೇ ಸುಳ್ಳು ಹೇಳಿಸಿದೀಯಲ್ಲ!”

“ನಿನ್ನ ಮಾತಂದ್ರ ಯಾರೂ ತಿರುಗಿ ಕೇಳೂದಿಲ್ಲವ್ವ, ಅದಕ್ಕ,” ಎಂದ ಶಿವಯೋಗಿ, ಹೊಗಳುವವನಂತೆ.

ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ಶಾಲೆಗೆ ಬೀಗ ಹಾಕಿಸಿ, ಅವಳು ಕಚೇರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಅಧಿಕಾರಿ ಕೇಳಿದರು:

“ಈಗ ಮಾತಾಡಾಕತ್ತಿದ್ದು ನೀವೇ ಅಂತ ಹೆಂಗ ನಂಬೂದ್ರಿ, ಮೇಡಂ?”