ಕೆಂದಿಯ ಕತ್ತು

ತಾಲೀಮು ಮುಗಿದರೂ ಕರು ಹಸುವಿನ ಹೊಟ್ಟೆಯ ಕೆಳಗಿಂದ ಈಚೆ ಬರಲಿಲ್ಲ. ನಾಟಕ ಕಂಪನಿಯ ಮಾಲೀಕ ವೆಂಕಟರವಣಪ್ಪ ಬಾಲ ಹಿಡಿದು ಎಳೆದ. ಅದು ನಾಲ್ಕು ಕಾಲನ್ನೂ ಹಲಗೆಗೆ ಊರಿ ನಿಂತಿತು.

"ಏನ್ ಸಾಬ್ರೇ, ಮರದ ಹಸುವಿಗೆ ಹಾಲೂ ಇಟ್ಟಿದ್ದೀರಾ?" ಎಂದು ನಕ್ಕ.

ಅಮಾನುಲ್ಲಾ ನಗಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಚರಕಗಳನ್ನು ರಿಪೇರಿ ಮಾಡಿಕೊಂಡಿದ್ದ ಅವನೇ ಈ ಹಸುವನ್ನು ಕಟ್ಟಿದವನು. ಹೊಟ್ಟೆಯೊಳಗೆ ಕೂತು ಹಿಡಿ ತಿರುಗಿಸಿದರೆ ಅದು ಕತ್ತು ಹೊರಳಿಸುತ್ತಿತ್ತು, ತೊಗಲಿನ ನಾಲಿಗೆ ಚಾಚಿ ನೆಕ್ಕುತ್ತಿತ್ತು. ಮೇಲೆ ಹೊದಿಸಿದ ಚರ್ಮ ಮಾತ್ರ ನಿಜದ್ದು. ೧೯೫೮ರ ಆ ಬೇಸಿಗೆಯಲ್ಲಿ ಕಂಪನಿ ಚಿಂತಾಮಣಿಗೆ ಬಂದ ವಾರದಲ್ಲೇ, ಡೇರೆಯ ಹಿಂದಿನ ಮನೆಯ ಓಬಳಮ್ಮನ ಹಸು ಕೆಂದಿ ಎಳೆಗರು ಬಿಟ್ಟು ಸತ್ತಿತ್ತು. ಮಣ್ಣಿಗೆ ಹೋಗುವ ಬದಲು ನಾಲ್ಕು ಜನರ ಮುಂದೆ ನಿಂತಿರಲಿ ಎಂದು ಚರ್ಮವನ್ನು ಅವಳೇ ಕೊಟ್ಟಿದ್ದಳು. ಆಟಕ್ಕೊಂದು ಕರು ಬೇಕೆಂದಾಗ ಕರುವನ್ನೂ ಅವಳೇ ತಂದಳು.

ಓಬಳಮ್ಮನ ಕೈಯಲ್ಲಿ ಬಿದಿರಿನ ಗೊಟ್ಟವಿತ್ತು, ಅದರ ತುಂಬ ಪಕ್ಕದ ಮನೆಯ ಹಾಲು. ನಾಲ್ಕು ದಿನದಿಂದ ಬಾಯಿ ಬಿಡಿಸಿ ಹೊಯ್ದದ್ದೆಲ್ಲ ಕಟವಾಯಿಂದ ಇಳಿದುಹೋಗುತ್ತಿತ್ತು. ಕರುವಿನ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

"ಸಾಬ್ರೇ, ಕರು ಸತ್ತೋದ್ರೆ ಚರ್ಮಕ್ಕೆ ಹುಲ್ಲು ತುಂಬಿ ಹಸು ಮುಂದೆ ನಿಲ್ಲಿಸ್ತೀವಿ. ನೆಕ್ತಾ ನೆಕ್ತಾ ಹಾಲು ಬಿಡ್ತದೆ. ಈ ಕೂಸಿಗೂ ಹಂಗೇ ಮೋಸ ಮಾಡಿ ನೋಡಣ."

ಅಮಾನುಲ್ಲಾ ಹಸುವಿನೊಳಗೆ ತೂರಿದ. ಕತ್ತು ಕಿರ್ರೆಂದು ಹೊರಳಿತು. ನಾಲಿಗೆ ಕರುವಿನ ಬೆನ್ನ ಮೇಲೆ ಒಮ್ಮೆ ಹಾದುಹೋಯಿತು, ಮತ್ತೊಮ್ಮೆ. ಓಬಳಮ್ಮ ಗೊಟ್ಟದ ಬಾಯಿಗೆ ಬಟ್ಟೆ ತುರುಕಿ ಕೆಚ್ಚಲಿನ ಜಾಗದಲ್ಲಿ ಹಿಡಿದಳು. ಕರುವಿನ ಬಾಲ ಅಲ್ಲಾಡತೊಡಗಿತು.

"ಕುಡೀತು ಕಣಪ್ಪಾ!" ಎಂದು ಕೂಗಿದಳು. ಒಳಗೆ ಹಿಡಿ ತಿರುಗುವ ಸದ್ದು ನಿಲ್ಲಲಿಲ್ಲ.

ಹನ್ನೊಂದು ದಿನ, ದಿನಕ್ಕೆ ಮೂರು ಸಲ, ಆಟವಿರಲಿ ಇಲ್ಲದಿರಲಿ, ಅಮಾನುಲ್ಲಾ ಆ ಹೊಟ್ಟೆಯೊಳಗೆ ಕೂತ. ಹನ್ನೆರಡನೆಯ ಬೆಳಿಗ್ಗೆ ಡೇರೆ ಬಿಚ್ಚಿದರು.

"ಯಜಮಾನ್ರೇ, ಚರ್ಮ ಬಿಚ್ಚಿ ಕೊಟ್ಬಿಡಣ. ಬೇರೆ ಹೊದಿಸ್ತೀನಿ," ಎಂದ ಅಮಾನುಲ್ಲಾ.

"ನಾಳೆ ಗೌರಿಬಿದನೂರಲ್ಲಿ ಆಟ. ಜನದ ಮುಂದೆ ಬೋಳು ಹಸು ನಿಲ್ಲಿಸ್ಲಾ?"

"ಹಂಗಾದ್ರೆ ಕರೂನೂ ಕರ್ಕೊಂಡು ಹೋಗಣ."

ಓಬಳಮ್ಮ ತಲೆ ಎತ್ತಿದಳು. ಆಗಲಿ ಎಂಬಂತೆ ಕರುವಿನ ಹಗ್ಗವನ್ನು ಮುಂದೆ ಚಾಚಿದಳು.

"ಊರೂರಲ್ಲಿ ಅದಕ್ಕೆ ಹಾಲು ಹುಡುಕ್ಕೊಂಡು ತಿರುಗ್ಲಾ?" ಎಂದ ವೆಂಕಟರವಣಪ್ಪ, ಲಾರಿ ಹತ್ತುತ್ತ. "ಕರು ಎಲ್ಲಾ ಊರಲ್ಲೂ ಸಿಗ್ತದೆ, ನಡೀರಿ."

ಅಮಾನುಲ್ಲಾ ಲಾರಿಗೇರಿಸಿದ್ದ ಹಸುವಿನೊಳಗಿನ ಹಿಡಿಯನ್ನು ಕಳಚಿ ಜೇಬಿಗೆ ಹಾಕಿಕೊಂಡ. ಓಬಳಮ್ಮನ ಕಡೆ ನೋಡದೆ ಮುಂದೆ ಹೋಗಿ ಕೂತ.

ಲಾರಿ ಹೊರಟಿತು. ಓಬಳಮ್ಮ ಒಂದು ಕೈಯಲ್ಲಿ ತುಂಬಿದ ಗೊಟ್ಟ ಹಿಡಿದು, ಇನ್ನೊಂದು ಕೈಯಿಂದ ಸೆರಗು ಎಳೆದು ಕರುವಿನ ಕಣ್ಣು ಮುಚ್ಚಿದಳು. ರಸ್ತೆ ಗುಂಡಿ ಬಿದ್ದಿತ್ತು. ಲಾರಿ ಕುಲುಕಿದಾಗಲೆಲ್ಲ, ಒಳಗೆ ಯಾರೂ ಇಲ್ಲದ ಹಸು ತಾನಾಗಿ ಕತ್ತು ಹೊರಳಿಸಿ, ನಾಲಿಗೆ ಚಾಚಿ, ಬರಿಯ ಗಾಳಿಯನ್ನು ನೆಕ್ಕುತ್ತಿತ್ತು.