ಹಿಂದೆ ಬಿದ್ದವಳು

"ಹತ್ತು ಕಿಲೋಮೀಟರ್ ಓಟಕ್ಕೆ ಇಬ್ರೂ ತಯಾರಾಗೋಣ, ಏಳೇ" ಎಂದು ಚಿದಂಬರ ಎರಡು ವರ್ಷ ಗೋಗರೆದಿದ್ದ. ಸರ್ವಮಂಗಳ ಪ್ರತಿ ಸಲವೂ ಮುಸುಕೆಳೆದುಕೊಂಡು, "ಐವತ್ತು ವರ್ಷಕ್ಕೆ ನನ್ನನ್ನ ಯಾವ ನಾಯಿ ಅಟ್ಟಿಸ್ಕೊಂಡ್ ಬಂದಿದೆ ಅಂತ ಓಡ್ಲಿ?" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಅವಳನ್ನು ಎಬ್ಬಿಸಲೇ ಇಲ್ಲ. ಮೀಸೆಗೆ ಬಣ್ಣ, ಅಂಗಿಗೆ ಸೆಂಟು.

"ಓಡೋಕೆ ಹೋಗೋರಿಗೆ ಈ ಶೃಂಗಾರ ಯಾಕ್ರೀ?"

"ಸುಮ್ನೆ ಕಣೇ. ನೀನು ಮಲ್ಕೋ."

ಯಾವಳೋ ಇದ್ದಾಳೆ ಎಂಬ ಅನುಮಾನ ಹೊಕ್ಕ ಮೇಲೆ ಅವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಮರುದಿನವೇ ಮಗಳ ಹಳೇ ಷೂ ಹಾಕಿಕೊಂಡು, ತಲೆಗೆ ಶಾಲು ಸುತ್ತಿ ಅವನ ಹಿಂದೆ ಹೊರಟಳು. ಮೊದಲ ದಿನ ಹಾಲಿನ ಬೂತಿನ ಹತ್ತಿರವೇ ಎದೆ ಒಡೆದುಹೋಗುವಷ್ಟು ಏದುಸಿರು. ಪುಣ್ಯಕ್ಕೆ ಅವನೂ ಅಲ್ಲೇ ಷೂ ಲೇಸು ಕಟ್ಟಲು ನಿಂತ. ವಾರ ಕಳೆದಂತೆ ಅವನು ರೈಲ್ವೆ ಗೇಟು ದಾಟಿದ, ಇವಳೂ ದಾಟಿದಳು. ಅವನು ಬೈಪಾಸ್ ರಸ್ತೆ ಹಿಡಿದ, ಇವಳೂ ಹಿಡಿದಳು. ಸೀರೆ ಹೋಗಿ ಚೂಡಿದಾರ ಬಂತು. ಆದರೆ ಆ ಹೆಂಗಸು ಮಾತ್ರ ಕಣ್ಣಿಗೆ ಬೀಳಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ, ಹತ್ತು ಕಿಲೋಮೀಟರ್ ಓಡಿ ಚಿದಂಬರ ಕೆರೆ ಏರಿಯ ಕಲ್ಲುಬೆಂಚಿನ ಮೇಲೆ ಕುಳಿತ. ಯಾರನ್ನೋ ಕಾಯುತ್ತಿರುವುದು ಸ್ಪಷ್ಟವಾಗಿತ್ತು. ಕಾಲು ಗಂಟೆಯಾದರೂ ಯಾರೂ ಬರಲಿಲ್ಲ. ಸರ್ವಮಂಗಳ ತಡೆಯಲಾರದೆ ಹುಣಸೆಮರದ ಮರೆಯಿಂದ ನುಗ್ಗಿದಳು.

"ಎಲ್ರೀ ಅವಳು? ಇವತ್ತು ಬರಲ್ವಂತಾ?"

"ಬಂದ್ಲಲ್ಲ" ಎಂದು ಅವನು ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟ.

ಮುಂದಿನ ಭಾನುವಾರದ ಓಟಕ್ಕೆ ಮೂರು ತಿಂಗಳ ಹಿಂದೆಯೇ ನೋಂದಾಯಿಸಿದ್ದ ಆ ಚೀಟಿಯಲ್ಲಿ ಅವಳ ಹೆಸರಿತ್ತು.