ಅಜ್ಜಿಯ ಪಥ್ಯ

ಕುಕ್ಕರಿನ ಮುಚ್ಚಳ ತೆಗೆದಾಗ ತೊಗರಿಬೇಳೆಯ ಆವಿ ಮುಖಕ್ಕೆ ಬಡಿದರೆ, ನಾನು ಇವತ್ತಿಗೂ ಶಹಾಪುರದ ನಮ್ಮ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕುಳಿತಿರುತ್ತೇನೆ.

ಅವ್ವನಿಗೆ ಎದೆಯ ಕ್ಯಾನ್ಸರ್ ಆಪರೇಷನ್ ಆಗಿತ್ತು. ಬೇಳೆ ತಿಂದರೆ ಗಾಯ ಕೀವಾಗುತ್ತದೆಂದು ಅಜ್ಜಿ ಸೊಸೆಗೆ ಬರೀ ಅಕ್ಕಿಗಂಜಿ ಕೊಡುತ್ತಿದ್ದಳು. ಅವಳೊಬ್ಬಳೇ ಬಾಯಿ ಕಟ್ಟಬಾರದೆಂದು ತಾನೂ ಅದನ್ನೇ ಕುಡಿಯುತ್ತಿದ್ದಳು. ಅವ್ವನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹೊಲಿಗೆ ಹಾಕಿದ ಗಾಯ ಮಾತ್ರ ಕೂಡಿರಲಿಲ್ಲ.

ಒಂದು ದಿನ ಕಲಬುರಗಿಯ ಆಸ್ಪತ್ರೆಯಲ್ಲಿ ಗಾಯದ ಪಟ್ಟಿ ಬದಲಿಸಿದ ಡಾಕ್ಟರಮ್ಮ ಅಜ್ಜಿಯನ್ನು ಹತ್ತಿರ ಕೂರಿಸಿಕೊಂಡು ಹೇಳಿದರು: "ಗಾಯ ತುಂಬಾಕ ಮೈಯಾಗ ಏನರ ಇರಬೇಕಲ್ಲಮ್ಮ. ಬ್ಯಾಳಿ, ಹಾಲು, ಶೇಂಗಾ ಎಲ್ಲಾ ಕೊಡ್ರಿ. ಬರೇ ಗಂಜಿ ಮ್ಯಾಲ ಇಟ್ರ ಇದು ಮಾಯಂಗಿಲ್ಲ."

ಮನೆಗೆ ಬಂದವಳೇ ಅಜ್ಜಿ ಬೇಳೆಗೆ ಇಟ್ಟಳು. ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಬಿಸಿ ಅನ್ನಕ್ಕೆ ತುಪ್ಪ ಬಿಟ್ಟು ಮೆತ್ತಗೆ ಕಲಸಿ, ಅವ್ವನ ಬಾಯಿಗೆ ತುತ್ತಿಟ್ಟಳು. ಅವ್ವ ಕಣ್ಣು ಮುಚ್ಚಿ ನಿಧಾನವಾಗಿ ಉಂಡಳು. ತಟ್ಟೆ ಖಾಲಿಯಾಗುವ ತನಕ ಅಜ್ಜಿಯೇ ತಿನ್ನಿಸಿದಳು.

ಆಮೇಲೆ ಅಜ್ಜಿ ತನಗೆಂದು ಗಂಜಿ ಸುರಿದುಕೊಂಡಳು.

"ನೀವೂ ಬ್ಯಾಳಿ ಉಣ್ರಿ ಅತ್ತಿ. ಪಥ್ಯ ಮುಗೀತಲ್ಲ" ಎಂದಳು ಅವ್ವ.

"ನಿಂದು ಮುಗ್ದದ. ಡಾಕ್ಟರ್ ಮಾತು ನೀ ಕೇಳು, ನಿನ್ನ ಬದ್ಲಿ ಪಥ್ಯ ನಾ ಮಾಡ್ತೀನಿ. ಯಾರ್ದು ಖರೆ ಆದ್ರೂ ಗಾಯ ಮಾಯ್ಬೇಕು."

ಅವ್ವನ ಗಾಯ ಒಣಗಿ ಪಟ್ಟಿ ಬಿಚ್ಚುವ ತನಕ ಅಜ್ಜಿ ಬೇಳೆ ಮುಟ್ಟಲಿಲ್ಲ.